ಕಿಪ್ಚೋಗೆ ಅವರ 2024ನೆಯ ವರ್ಷ

ದೂರದ ಓಟದ ದಿಗ್ಗಜರು ಸೋಲಿನ ವರ್ಷವನ್ನು ನಿಜವಾಗಿಯೂ ಘನತೆಯಿಂದ ಎದುರಿಸುತ್ತಾರೆಯೇ, ಅಥವಾ ಅದು ಬರಿಯ ಬಾಯುಪಚಾರವೇ ಎಂದು ತಾವು ಕೇಳಿದ್ದೀರಿ. ಬಾಯುಪಚಾರವಲ್ಲವೆಂದೇ ನಾನು ನಂಬಿದ್ದೇನೆ. ಕೆನ್ಯಾದ ಎಲಿಯುಡ್ ಕಿಪ್ಚೋಗೆ ಅವರ 2024ನೆಯ ವರ್ಷವನ್ನು ಗಮನಿಸಿ. ಮಾರ್ಚ್‌ ತಿಂಗಳ ಟೋಕಿಯೊ ಮ್ಯಾರಥಾನ್‌ನಲ್ಲಿ ಅವರು ಹತ್ತನೆಯವರಾದರು. ಯುವ ಓಟಗಾರ ಕೆಲ್ವಿನ್ ಕಿಪ್ಟಮ್ ಫೆಬ್ರುವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಬಳಿಕ, ಜಾಲತಾಣಗಳಲ್ಲಿ ಆ ಸಾವಿನ ವಿಚಾರವಾಗಿ ಕಿಪ್ಚೋಗೆ ಅವರ ಮೇಲೆ ಆಧಾರವಿಲ್ಲದ ಆರೋಪಗಳೂ ಬಂದಿದ್ದವು. ಅದರಿಂದಾದ ನೋವನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡರು. ನೋವನ್ನು ಮುಚ್ಚಿಡುವುದೇ ಘನತೆಯೆಂದು ಭಾವಿಸುವವರು ಇದನ್ನು ಮರೆಯಬಾರದು.

ರಿಯೊ ಮತ್ತು ಟೋಕಿಯೊ ಒಲಿಂಪಿಕ್ಸ್‌ಗಳೆರಡರಲ್ಲೂ ಚಿನ್ನ ಗೆದ್ದಿದ್ದ ಅವರು, ಆಗಸ್ಟ್‌ನ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬೆನ್ನುನೋವಿನಿಂದ ಹಿಂದುಳಿದು, 30 ಕಿಲೋಮೀಟರ್ ದಾಟಿದ ನಂತರ ಓಟ ನಿಲ್ಲಿಸಿ, ಇತರ ಓಟಗಾರರು ಮುಂದೆ ಸಾಗುತ್ತಿರುವಾಗ ತಾವು ನಡೆಯುತ್ತ, ರಸ್ತೆಬದಿಯ ಅಭಿಮಾನಿಗಳಿಗೆ ತಮ್ಮ ಅಂಗಿ, ಬೂಟುಗಳನ್ನು ಕೊಟ್ಟರು. ವರ್ಷಕ್ಕೆ ಎರಡೋ ಮೂರೋ ಮ್ಯಾರಥಾನ್ ಮಾತ್ರ ಓಡಬಲ್ಲವರಿಗೆ ಇಂತಹ ಒಂದು ದಿನ ತಿಂಗಳುಗಟ್ಟಲೆಯ ಸಿದ್ಧತೆಯನ್ನೇ ನುಂಗಿಬಿಡುತ್ತದೆ. ಆದರೂ ಅವರು 2025ರಲ್ಲಿ ಲಂಡನ್ ಮ್ಯಾರಥಾನ್‌ಗೆ ಮರಳಿ ಆರನೆಯವರಾಗಿ ಗುರಿ ಮುಟ್ಟಿದರು. 2012ರ ಲಂಡನ್ ಒಲಿಂಪಿಕ್ಸ್‌ ತಂಡದಲ್ಲಿ ಸ್ಥಾನ ಸಿಗದ ಮೇಲೆಯೇ ಅವರು ಟ್ರ್ಯಾಕ್ ಬಿಟ್ಟು ಮ್ಯಾರಥಾನ್‌ಗೆ ಬಂದವರು ಎಂಬುದನ್ನೂ ತಾವು ಇದರ ಜೊತೆಗಿಟ್ಟು ನೋಡಬೇಕೆಂದು ಕೋರುತ್ತೇನೆ.