ನೀರು ಸುರಿದರೂ ಕಾಳ್ಗಿಚ್ಚು ಮತ್ತೆ ಏಳುವುದೇಕೆ?

ಪ್ರಶ್ನೆ: ಹೆಲಿಕಾಪ್ಟರ್‌ನಿಂದ ಬಕೆಟ್‌ಗಟ್ಟಲೆ ನೀರು ಸುರಿದು ಆರಿಸಿದ ಕಾಳ್ಗಿಚ್ಚು ಮರುದಿನ ಅಲ್ಲೇ ಹೊತ್ತಿಕೊಳ್ಳುವುದೇಕೆ? ಇನ್ನೂ ದೊಡ್ಡ ಬಕೆಟ್ ಬಳಸಿದರೆ ಆಗದೇ?

ಉತ್ತರ: ಮೇಲಿನಿಂದ ಬೀಳುವ ನೀರು ಬೆಂಕಿಯನ್ನು ತಗ್ಗಿಸುತ್ತದೆ, ಪೂರ್ತಿ ಆರಿಸುವುದು ಅಪರೂಪ. 1,200 ಲೀಟರ್ ನೀರು 40 ಮೀಟರ್ ಉದ್ದ, 6 ಮೀಟರ್ ಅಗಲದ ಪಟ್ಟಿಯಲ್ಲಿ ಹರಡಿತೆನ್ನಿ, ಅದು 5 ಮಿಲಿಮೀಟರ್ ಮಳೆಗೆ ಸಮ. ಮರಗಳು ದಟ್ಟವಾಗಿದ್ದರೆ ಅದರಲ್ಲೂ ಒಂದು ಪಾಲು ಎಲೆಗಳಲ್ಲೇ ನಿಲ್ಲುತ್ತದೆ. ಟೊಳ್ಳು ಬೊಡ್ಡೆಯೊಳಗೆ, ಬೇರಿನಲ್ಲಿ, ತರಗೆಲೆಯ ಅಡಿಪದರದಲ್ಲಿ ಅವಿತ ಕೆಂಡಕ್ಕೆ ನೀರು ಮುಟ್ಟುವುದೇ ಇಲ್ಲ. ಮರುದಿನ ಬಿಸಿಲೇರಿ ಗಾಳಿ ಬೀಸಿದಾಗ ಏಳುವುದು ಈ ಕೆಂಡವೇ.

ಆದ್ದರಿಂದ ನೀರು ಬಿದ್ದ ಬೆನ್ನಿಗೇ ನೆಲದ ತಂಡ ಒಳನುಗ್ಗಬೇಕು. ಸುಟ್ಟ ಜಾಗದ ಅಂಚನ್ನು ಬರೀ ಮಣ್ಣು ಕಾಣುವವರೆಗೆ ಕೆರೆಯಬೇಕು, ಬೊಡ್ಡೆ ಒಡೆಯಬೇಕು, ಕೆಂಡಕ್ಕೆ ನೀರು ಹಾಕಿ ಮಣ್ಣಿನೊಡನೆ ಕಲಸಬೇಕು. ಕೊನೆಗೆ ಕೈಗವಸು ತೆಗೆದು ಅಂಗೈಯ ಹಿಂಬದಿಯನ್ನು ನೆಲದ ಸಮೀಪ ಹಿಡಿದು ಕಾವು ನೋಡಬೇಕು. ಈ ಕೆಲಸ ತಪ್ಪಿದರೆ ಎಷ್ಟು ಸುತ್ತು ಹಾರಿದರೂ ವ್ಯರ್ಥ.

ಇನ್ನು ಬಕೆಟ್‌ನ ಗಾತ್ರ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ನೀರಿನ ದೂರ. ಹೆಲಿಕಾಪ್ಟರ್ ನಿಮಿಷಕ್ಕೆ 2 ಕಿಲೋಮೀಟರ್ ಹಾರುತ್ತದೆ, ತುಂಬಲು, ಸುರಿಯಲು ಒಟ್ಟು 2 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಕೆರೆ 4 ಕಿಲೋಮೀಟರ್ ದೂರದಲ್ಲಿದ್ದರೆ ಒಂದು ಸುತ್ತಿಗೆ 6 ನಿಮಿಷ. 1,200 ಲೀಟರ್ ಬಕೆಟ್ ಗಂಟೆಗೆ 12,000 ಲೀಟರ್ ಸುರಿಯುತ್ತದೆ. ಅದೇ ಕೆರೆ 20 ಕಿಲೋಮೀಟರ್ ಆಚೆ ಇದ್ದರೆ ಸುತ್ತಿಗೆ 22 ನಿಮಿಷ ಹಿಡಿಯುತ್ತದೆ. ಆಗ 3,500 ಲೀಟರ್ ಬಕೆಟ್ ಕೂಡ ಗಂಟೆಗೆ 10,000 ಲೀಟರ್ ದಾಟುವುದಿಲ್ಲ. ಹತ್ತಿರ ಕೆರೆಯಿಲ್ಲದಿದ್ದರೆ ಮಡಚುವ ತೊಟ್ಟಿಯನ್ನು ಬಯಲಲ್ಲಿ ಹೂಡಿ ಟ್ಯಾಂಕರ್‌ನಿಂದ ತುಂಬಿಸುವುದು ಒಳ್ಳೆಯದು. ಬಕೆಟ್ ಮುಳುಗುವಷ್ಟು ಆಳ ಇರಬೇಕು, ಸುತ್ತ ವಿದ್ಯುತ್ ತಂತಿ ಇರಬಾರದು.

ಭಾರದ ಲೆಕ್ಕವೂ ಇದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಬಿಸಿಲು ಏರಿದಷ್ಟೂ, ಬೆಟ್ಟ ಎತ್ತರವಾದಷ್ಟೂ ಗಾಳಿ ತೆಳುವಾಗಿ ಎತ್ತುವ ಬಲ ಕುಗ್ಗುತ್ತದೆ. ಆಗ ಬಕೆಟ್‌ನ ಪಟ್ಟಿ ಬಿಗಿದು ಕಡಿಮೆ ನೀರು ತುಂಬುತ್ತಾರೆ, ಇಲ್ಲವೇ ಇಂಧನ ಕಡಿಮೆ ಇಟ್ಟುಕೊಂಡು ಹಾರುತ್ತಾರೆ. ಖಾಲಿ ಬಕೆಟ್ ಕೂಡ ಅಪಾಯಕಾರಿ: ವೇಗ ಮಿತಿ ಮೀರಿದರೆ ಅದು ಹಿಂದಕ್ಕೆ ತೇಲಿ ಬಾಲದ ರೋಟರ್‌ಗೆ ತಗುಲಬಹುದು.

ಭಾರಿ ಹೆಲಿಕಾಪ್ಟರ್ ತೀರ ಕೆಳಗೆ ನಿಂತು ಸುರಿದರೆ ರೋಟರ್‌ನ ಗಾಳಿಯೇ ತಿದಿಯೊತ್ತಿದಂತೆ ಬೆಂಕಿಯನ್ನು ಹರಡುತ್ತದೆ. 30 ಮೀಟರ್‌ಗೂ ಉದ್ದದ ಹಗ್ಗಕ್ಕೆ ಬಕೆಟ್ ಕಟ್ಟಿದರೆ ಈ ಕಾಟ ಕಡಿಮೆ.

ಕೆಳಗಿರುವವರಿಗೆ ಒಂದು ಮಾತು. ನೀರು ಬೀಳುವ ಮುನ್ನ ಹೆಲಿಕಾಪ್ಟರ್ ಬರುವ ದಾರಿಯಿಂದ ಪಕ್ಕಕ್ಕೆ ಸರಿಯಿರಿ; ಒಣಮರಗಳ ಕೆಳಗೆ ನಿಲ್ಲಬೇಡಿ, ಟನ್‌ಗಟ್ಟಲೆ ನೀರಿನ ಹೊಡೆತಕ್ಕೆ ಕೊಂಬೆಗಳು ಮುರಿದು ಬೀಳುತ್ತವೆ. ಚಿತ್ರ ತೆಗೆಯಲು ಡ್ರೋನ್ ಹಾರಿಸಲೇಬೇಡಿ. ಒಂದು ಡ್ರೋನ್ ಕಂಡರೂ ಡಿಕ್ಕಿಯ ಭಯಕ್ಕೆ ಹೆಲಿಕಾಪ್ಟರ್‌ಗಳು ಕೆಲಸ ನಿಲ್ಲಿಸಬೇಕಾಗುತ್ತದೆ, ಬೆಂಕಿ ಮಾತ್ರ ನಿಲ್ಲುವುದಿಲ್ಲ.