ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡವಾದ ಮೆಥೋಡಿಸ್ಟ್ ಚರ್ಚುಗಳ ಜಾಲ ಸ್ಥಳೀಯ ಜನರಿಗೆ ಹೇಗೆ ನೆರವಾಗುತ್ತದೆ?

ಹಣವನ್ನೂ ಪಾದ್ರಿಗಳನ್ನೂ ಹಂಚಿಕೊಳ್ಳುವುದರಿಂದ. ಅಕ್ಕಪಕ್ಕದ ಚರ್ಚುಗಳು ‘ಸರ್ಕ್ಯೂಟ್’ ಎಂಬ ಗುಂಪಾಗಿ ಸೇರುತ್ತವೆ. ಪ್ರತಿಯೊಂದೂ ತನ್ನ ಕಾಣಿಕೆಯಲ್ಲಿ ಒಂದು ಪಾಲನ್ನು ಸಾಮಾನ್ಯ ನಿಧಿಗೆ ಕೊಡುತ್ತದೆ. ಒಬ್ಬ ಪಾದ್ರಿ ಹಲವು ಚರ್ಚುಗಳನ್ನು ನೋಡಿಕೊಳ್ಳುತ್ತಾರೆ. ಅವರು ಹೋಗಲಾಗದ ಭಾನುವಾರ ತರಬೇತಿ ಪಡೆದ ಊರಿನವರೇ ಬೋಧಿಸುತ್ತಾರೆ. ನನಗೆ ಈ ಏರ್ಪಾಡಿನಲ್ಲಿ ಬಹಳ ಮೆಚ್ಚುಗೆಯಾಗುವುದು ಇದೇ: ನಾಲ್ಕಾರು ಕುಟುಂಬಗಳ ಬಡ ಚರ್ಚಿಗೂ ಬೀಗ ಬೀಳುವುದು ತಪ್ಪುತ್ತದೆ. ಬ್ರಿಟನ್ನಿನಲ್ಲಿ ಇಂಥ ಎಷ್ಟೋ ಚರ್ಚುಗಳಲ್ಲಿ ವಾರದ ನಡುವೆ ಒಂಟಿ ವೃದ್ಧರಿಗೆ ಬಿಸಿಯೂಟ, ಕೈ ಬರಿದಾದವರಿಗೆ ದಿನಸಿ ಸಿಗುತ್ತದೆ.

ಕೊಡಗಿನವರಿಗೂ ಇದು ದೂರದ ಮಾತಲ್ಲ. ಚಿಕಿತ್ಸೆಗೆಂದು ಮಡಿಕೇರಿಯಲ್ಲಿ ಬಸ್ ಹತ್ತಿದವರು ತಲುಪುವ ಮೈಸೂರಿನ ‘ಮಿಷನ್ ಆಸ್ಪತ್ರೆ’ಯನ್ನು 1906ರಲ್ಲಿ ತೆರೆದದ್ದು ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್. 1947ರಲ್ಲಿ ದಕ್ಷಿಣ ಭಾರತದ ಆ ಮಿಷನ್ನಿನ ಚರ್ಚುಗಳು ಬೇರೆ ಪ್ರೊಟೆಸ್ಟಂಟ್ ಚರ್ಚುಗಳ ಜೊತೆ ಒಂದಾಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಆಸ್ಪತ್ರೆ ಈಗಲೂ ಸಿಎಸ್‌ಐಯದೇ.