ಒದ್ದೆ ಶೂ, ಎರಡು ಕಡೆಯ ಹಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದೆ.)

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಖಾಸಗಿ ಶಾಲೆ, ರಾಜ್ಯ ಪಠ್ಯಕ್ರಮ. ಆರನೇ ತರಗತಿಯ ಹುಡುಗಿಯನ್ನು ತಾಯಿ ಜುಲೈ ತಿಂಗಳಲ್ಲಿ ಕರೆತಂದದ್ದು ಹೊಟ್ಟೆನೋವಿಗೆ. ಮಕ್ಕಳ ವೈದ್ಯರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ಕಾಣುತ್ತಿಲ್ಲ, ಒಮ್ಮೆ ಆಪ್ತಸಲಹೆಗೆ ಹೋಗಿ ಬನ್ನಿ ಅಂದಿದ್ದರು. ನೋವು ಬರುತ್ತಿದ್ದದ್ದು ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಮಾತ್ರ. ಆ ಎರಡು ದಿನ ಪ್ರಾರ್ಥನೆ ಮುಗಿದ ಮೇಲೆ ಪಿಟಿ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು, ಟೈ, ಬೆಲ್ಟು, ಶೂ ನೋಡುತ್ತಾರೆ.

ಮನೆಯಿಂದ ವ್ಯಾನು ನಿಲ್ಲುವ ಜಾಗಕ್ಕೆ ಒಂದೂವರೆ ಕಿಲೋಮೀಟರು ನಡಿಗೆ. ಅದರಲ್ಲಿ ಅರ್ಧ ತೋಟದ ದಾರಿ, ಒಂದು ಸಣ್ಣ ಹಳ್ಳ. ಜೂನ್ ಎರಡನೇ ವಾರದಿಂದ ಶೂ ಒಣಗಿದ್ದೇ ಇಲ್ಲ. ಶಾಲೆ ಗೊತ್ತು ಮಾಡಿದ್ದು ರೆಕ್ಸಿನ್ ಶೂ, ಜೊತೆಗೆ ನೈಲಾನ್ ಸಾಕ್ಸು. ಬೆವರಿಗೂ ದಾರಿಯಿಲ್ಲ, ಒಳಗೆ ಹೋದ ನೀರಿಗೂ ದಾರಿಯಿಲ್ಲ. ಬೆಳಿಗ್ಗೆ ಎಂಟಕ್ಕೆ ಒದ್ದೆಯಾದ ಕಾಲು ಸಂಜೆ ಐದರವರೆಗೂ ಹಾಗೇ. ತಿಂಗಳಾಗುವಷ್ಟರಲ್ಲಿ ಎರಡೂ ಪಾದದ ಕಿರುಬೆರಳ ಸಂದಿ ಬೆಳ್ಳಗೆ ಕೊಳೆತು, ಚರ್ಮ ಸೀಳಿ, ವಾಸನೆ ಬರತೊಡಗಿತ್ತು. ತಾಯಿ ಇದನ್ನು ಕೆಸರುಹುಣ್ಣು ಅಂದುಕೊಂಡು ಅರಿಶಿನ ಹಚ್ಚಿದರು. ಅದು ಜಗ್ಗದಾಗ ಮೆಡಿಕಲ್ ಶಾಪಿನಿಂದ ಟ್ಯೂಬು ತಂದು ಹಚ್ಚಿದರು, ಶಾಲೆಗೆ ಚಪ್ಪಲಿಯಲ್ಲಿ ಕಳಿಸಿದರು.

ಶಾಲೆ ಚಪ್ಪಲಿಯನ್ನು ಒಪ್ಪಲಿಲ್ಲ. ಮೊದಲ ದಿನ ಡೈರಿಯಲ್ಲಿ ಬರೆದು ಕಳಿಸಿತು. ಎರಡನೇ ಸಲ ಇಪ್ಪತ್ತು ರೂಪಾಯಿ ದಂಡ. ಮೂರನೇ ಸಲ ಚಪ್ಪಲಿ ಬಿಚ್ಚಿಸಿ ಆಫೀಸಿನಲ್ಲಿಟ್ಟುಕೊಂಡರು. ಹುಡುಗಿ ಸಂಜೆಯವರೆಗೆ ಬರಿಗಾಲಲ್ಲಿದ್ದಳು, ಆ ಕಾಲಿನಲ್ಲೇ ಒದ್ದೆ ನೆಲದ ಶೌಚಾಲಯಕ್ಕೂ ಹೋಗಿ ಬಂದಳು. ತಂದೆ ಆ ರಾತ್ರಿಯೇ ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದರು. ಕಾಲಿನ ಫೋಟೊ ಹಾಕಿ, ಅದರ ಕೆಳಗೆ, ಈ ವರ್ಷ ಶೂ ಮಾದರಿ ಬದಲಿಸಿ ಒಂದೇ ಅಂಗಡಿಯಲ್ಲಿ ಕೊಳ್ಳಿ ಅಂದದ್ದು ಯಾವ ಕಮಿಷನ್ನಿಗೆ ಎಂದು ಕೇಳಿದರು. ಕೆಲವು ಪೋಷಕರು ಅವರ ಪರ ಬಂದರು. ಇನ್ನು ಕೆಲವರು, ನಮ್ಮ ಮಕ್ಕಳೂ ಅದೇ ಮಳೆಯಲ್ಲಿ ಶೂ ಹಾಕಿಕೊಂಡು ಬರುತ್ತಿಲ್ಲವೇ ಅಂದರು. ಮರುದಿನದಿಂದ ಮುಖ್ಯೋಪಾಧ್ಯಾಯಿನಿ ಈ ಪೋಷಕರ ಫೋನ್ ಎತ್ತಲಿಲ್ಲ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿದಾಗ ಬೇರೆಯದೇ ವಿಷಯ ತಿಳಿಯಿತು. ಅವಳ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅದೇ ಒದ್ದೆ ಶೂ ಇತ್ತು. ಬೆಳಿಗ್ಗೆ ಅಮ್ಮನ ಎದುರು ಚಪ್ಪಲಿ ಹಾಕಿಕೊಂಡು ಹೊರಟು, ವ್ಯಾನು ಬರುವ ಮೊದಲು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಶೂಗೆ ಬದಲಿಸುತ್ತಿದ್ದಳು. ಸಂಜೆ ಮತ್ತೆ ಚಪ್ಪಲಿ. ಮೂರು ವಾರ ಔಷಧಿ ಹಚ್ಚಿದರೂ ಕಾಲು ಯಾಕೆ ವಾಸಿಯಾಗಲಿಲ್ಲ ಅನ್ನುವುದಕ್ಕೆ ಇದು ಅರ್ಧ ಉತ್ತರ. ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಅಮ್ಮ ಹೇಳಿದ ಹಾಗೆ ಮಾಡಿದ್ರೆ ಸರ್ ಹೊರಗೆ ನಿಲ್ಲಿಸ್ತಾರೆ. ಸರ್ ಹೇಳಿದ ಹಾಗೆ ಮಾಡಿದ್ರೆ ಅಪ್ಪ ಶಾಲೆಗೆ ಬಂದು ಜಗಳ ಮಾಡ್ತಾರೆ."

ಶೂ ತಗಾದೆಗಳಲ್ಲಿ ನಾವು ಮೊದಲು ನೋಡುವುದು ಇದನ್ನೇ. ಮನೆಗೂ ಶಾಲೆಗೂ ನಡುವೆ ಸುದ್ದಿ ಹೊರುವ ಕೆಲಸ ಯಾರ ತಲೆಯ ಮೇಲೆ ಬಿದ್ದಿದೆ? ಹನ್ನೊಂದು ವರ್ಷದ ಮಗುವಿನ ಮೇಲೆ ಬಿದ್ದಿದ್ದರೆ ಅದು ಸುಳ್ಳು ಹೇಳುತ್ತದೆ, ಬಚ್ಚಿಡುತ್ತದೆ, ಇಲ್ಲವೇ ಹೊಟ್ಟೆ ಹಿಡಿದುಕೊಂಡು ಮಲಗುತ್ತದೆ. ಅದಕ್ಕೆ ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಮೊದಲ ದಿನವೇ ಪೋಷಕರಿಗೆ ಹೇಳಿದೆವು: ನಾಳೆಯಿಂದ ಮಗಳ ಬಾಯಲ್ಲಿ ಯಾವ ಮಾತನ್ನೂ ಹೇಳಿಕಳಿಸಬೇಡಿ, ಡೈರಿಯಲ್ಲೂ ಬರೆಯಬೇಡಿ. ಶೂ ಬಚ್ಚಿಟ್ಟಿದ್ದಕ್ಕೆ ಬೈಯಲೂ ಬೇಡಿ. ಗುಂಪಿನಲ್ಲಿ ಹಾಕಿದ ಕಾಲಿನ ಫೋಟೊ ಅಳಿಸಿ. ಆ ಫೋಟೊವನ್ನು ತರಗತಿಯ ಮಕ್ಕಳೆಲ್ಲ ಅಪ್ಪ ಅಮ್ಮನ ಫೋನಿನಲ್ಲಿ ನೋಡಿದ್ದರು. ಹುಡುಗಿಗೆ ಚಪ್ಪಲಿ ಬಿಚ್ಚಿಸಿದ್ದಕ್ಕಿಂತ ಅದು ಹೆಚ್ಚು ನೋಯಿಸಿತ್ತು. ತಂದೆಗೆ ಈ ಮಾತು ಕಷ್ಟವಾಯಿತು, ಆದರೂ ಅಳಿಸಿದರು.

ಎರಡನೆಯದು ಕಾಲು. ಮೆಡಿಕಲ್ ಶಾಪಿನ ಟ್ಯೂಬನ್ನು ಚರ್ಮವೈದ್ಯರಿಗೆ ತೋರಿಸಿದಾಗ ಅದರಲ್ಲಿ ಸ್ಟೀರಾಯ್ಡ್ ಸೇರಿತ್ತು. ಇಂಥ ಮಿಶ್ರಣದ ಕ್ರೀಮು ಎರಡು ದಿನದಲ್ಲಿ ತುರಿಕೆ ಇಳಿಸುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಫಂಗಸ್ ಹರಡುತ್ತಲೇ ಇರುತ್ತದೆ. ವೈದ್ಯರು ಅದನ್ನು ನಿಲ್ಲಿಸಿ ಬರೀ ಕ್ಲೋಟ್ರಿಮಜೋಲ್ ಕ್ರೀಮು ಕೊಟ್ಟರು. ದಿನಕ್ಕೆ ಎರಡು ಸಲ, ನಾಲ್ಕು ವಾರ. ಚರ್ಮ ಸರಿಹೋದ ಹಾಗೆ ಕಂಡ ಕೂಡಲೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು, ನಾಲ್ಕು ವಾರ ಅಂದರೆ ನಾಲ್ಕು ವಾರ ಎಂದು ಒತ್ತಿ ಹೇಳಿದರು. ಹಚ್ಚುವ ಮೊದಲು ಬೆರಳ ಸಂದಿಯನ್ನು ಹತ್ತಿ ಬಟ್ಟೆಯಿಂದ ಒಂದೊಂದಾಗಿ ಒರೆಸಬೇಕು. ಆ ಬಟ್ಟೆ ಮನೆಯ ಬೇರೆಯವರಿಗೆ ಬೇಡ.

ಶೂ ಒಣಗಿಸುವ ವಿಷಯದಲ್ಲಿ ಮಲೆನಾಡಿನ ಮನೆಗಳಲ್ಲಿ ಒಂದು ರೂಢಿಯಿದೆ: ರಾತ್ರಿ ಬಚ್ಚಲೊಲೆಯ ಪಕ್ಕ ಇಡುವುದು. ಚರ್ಮದ ಶೂಗೇ ಅದು ಒಳ್ಳೆಯದಲ್ಲ, ರೆಕ್ಸಿನ್ ಅಂತೂ ಬಿರಿಯುತ್ತದೆ, ಅಟ್ಟೆಯ ಗೋಂದು ಬಿಡುತ್ತದೆ. ಈ ಮನೆಯ ಮೊದಲ ಜೊತೆ ಹೋದದ್ದೇ ಹಾಗೆ. ಬದಲಿಗೆ ಒಳಗಿನ ಸೋಲ್ ಹೊರಗೆ ತೆಗೆದು ಬೇರೆ ಇಡಬೇಕು. ಶೂ ಒಳಗೆ ತುದಿಯವರೆಗೆ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆ ಬಿಟ್ಟು ಒದ್ದೆ ಪೇಪರು ತೆಗೆದು ಹೊಸದು ತುರುಕಿ, ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಾಯಿ ಮಾಡಿ ಇಡಬೇಕು. ಇಷ್ಟು ಮಾಡಿದರೂ ಜುಲೈನ ತೇವದಲ್ಲಿ ಒಂದು ರಾತ್ರಿಗೆ ರೆಕ್ಸಿನ್ ಶೂ ಪೂರ್ತಿ ಒಣಗುವುದಿಲ್ಲ. ಒಂದೇ ಜೊತೆ ಶೂ ದಿನಾ ಹಾಕಿಕೊಂಡು ಬರಬೇಕೆಂಬ ನಿಯಮ ಈ ಸೀಮೆಯ ಮಳೆಗಾಲಕ್ಕೆ ನಡೆಯುವಂಥದ್ದಲ್ಲ ಎಂಬುದು ನಮ್ಮ ಅಭಿಪ್ರಾಯ, ಶಾಲೆಗೂ ಅದನ್ನೇ ಹೇಳಿದೆವು.

ಶಾಲೆಗೆ ಹೇಳುವ ಮೊದಲು ಶಾಲೆಯ ಮಾತು ಕೇಳಬೇಕಿತ್ತು. ಪೋಷಕರ ಒಪ್ಪಿಗೆ ಪಡೆದು ಮುಖ್ಯೋಪಾಧ್ಯಾಯಿನಿಯನ್ನು ಭೇಟಿಯಾದಾಗ ಅವರು ಎರಡು ಕಾರಣ ಕೊಟ್ಟರು. ಹಿಂದಿನ ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡಿದ್ದ ಹುಡುಗ ಮೆಟ್ಟಿಲಿನಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದ, ಆಗ ಇದೇ ಪೋಷಕರ ಗುಂಪು ಶಾಲೆಯನ್ನು ದೂರಿತ್ತು. ಇನ್ನೊಂದು, ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಜನ ಕೇಳುತ್ತಾರೆ. "ಇಲ್ಲ ಅನ್ನೋದಕ್ಕೆ ನನ್ನ ಹತ್ರ ಏನಿರುತ್ತೆ ಹೇಳಿ?" ಅಂದರು. ಎರಡೂ ಸುಳ್ಳಲ್ಲ. ಆದರೆ ಎರಡಕ್ಕೂ ಉತ್ತರ ಶೂ ಒಂದೇ ಅಲ್ಲ. ಜಾರುವುದು ಅಟ್ಟೆ ಸವೆದ, ಹಿಮ್ಮಡಿ ಹಿಡಿಯದ ಹವಾಯಿ ಚಪ್ಪಲಿ. ಹಿಂದೆ ಪಟ್ಟಿ ಇರುವ, ಅಟ್ಟೆಯಲ್ಲಿ ಆಳವಾದ ಗೀರುಗಳಿರುವ ಕಪ್ಪು ಸ್ಯಾಂಡಲ್ ಒದ್ದೆ ಮೆಟ್ಟಿಲಿನಲ್ಲಿ ಅಟ್ಟೆ ಸವೆದ ಶೂಗಿಂತ ವಾಸಿ. ಸರ್ಕಾರಿ ಶಾಲೆಗಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುವ ಯೋಜನೆಯಲ್ಲೇ ಸ್ಥಳದ ಹವಾಗುಣ ನೋಡಿಕೊಂಡು ಶೂ ಬದಲು ಚಪ್ಪಲಿ ಕೊಳ್ಳಲು ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ) ಅವಕಾಶ ಕೊಟ್ಟದ್ದನ್ನು ನೆನಪಿಸಿದೆವು. ಸರ್ಕಾರ ಒಪ್ಪಿದ್ದನ್ನು ತಾವು ಒಪ್ಪಿದರೆ ಶಿಸ್ತು ಕೆಡುತ್ತದೆ ಅನ್ನುವ ಭಯ ಅವರಿಗೆ ಅಲ್ಲಿಂದ ಸ್ವಲ್ಪ ಕಡಿಮೆಯಾಯಿತು.

ಚಪ್ಪಲಿ ಕಿತ್ತುಕೊಂಡದ್ದರ ಬಗ್ಗೆ ಮಾತ್ರ ಮೆದುವಾಗಿ ಹೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಕಾಲಿಗೆ ಹುಣ್ಣಾದ ಮಗುವನ್ನು ದಿನವಿಡೀ ಬರಿಗಾಲಲ್ಲಿ ಕೂರಿಸುವುದು, ಎಲ್ಲರೆದುರು ಹೊರಗೆ ನಿಲ್ಲಿಸುವುದು ಆ ಕಲಮಿನೊಳಗೇ ಬರುತ್ತದೆ. ಪೋಷಕರ ತಪ್ಪಿಗೆ ಮಗುವಿಗೆ ದಂಡ ಹಾಕುವುದೂ ಸರಿಯಲ್ಲ. ಶೂ ಕೊಳ್ಳುವುದು ಮಗುವಲ್ಲ. ಪಿಟಿ ಮೇಷ್ಟ್ರನ್ನು ಕರೆಸಿ ಈ ಮಾತನ್ನು ಅವರ ಎದುರಿಗೇ ಹೇಳಲು ಮುಖ್ಯೋಪಾಧ್ಯಾಯಿನಿ ಒಪ್ಪಿದರು.

ಪೋಷಕರ ಕಡೆ ಬಿಡಿಸಬೇಕಿದ್ದ ಗಂಟು ಬೇರೆ. ತಂದೆ ಎರಡು ದೂರುಗಳನ್ನು ಒಂದಾಗಿ ಹೆಣೆದಿದ್ದರು: ಮಗಳ ಕಾಲು, ಮತ್ತು ಒಂದೇ ಅಂಗಡಿಯ ಶೂ. ಎರಡನೆಯದರಲ್ಲೂ ಹುರುಳಿದೆ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮದ ಪ್ರಕಾರ ಒಮ್ಮೆ ನಿಗದಿ ಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ 1 ವರ್ಷ ಮೊದಲೇ ತಿಳಿಸಬೇಕು. ಶೂ ಕೂಡ ಸಮವಸ್ತ್ರದ ಭಾಗ ಎಂದು ಶಾಲೆಯೇ ಹೇಳುವಾಗ ಈ ಮಾತು ಅದಕ್ಕೂ ಅನ್ವಯವಾಗಬೇಕು ಎಂದು ವಾದಿಸಬಹುದು. ಆದರೆ ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಶಾಲೆ ಅಂಗಡಿಯ ಮಾತಿಗೆ ಸಮಜಾಯಿಷಿ ಕೊಡುತ್ತಾ ಕೂರುತ್ತದೆ, ಕಾಲಿನ ವಿಷಯ ಹಿಂದೆ ಬೀಳುತ್ತದೆ. ಕಾಲು ಈ ವಾರದ ಕೆಲಸ, ಅಂಗಡಿ ಈ ವರ್ಷದ್ದು. ಅಂಗಡಿಯ ವಿಷಯವನ್ನು ನಾಲ್ಕಾರು ಪೋಷಕರ ಸಹಿಯೊಂದಿಗೆ, ಕಾಲಿನ ಹೆಸರೆತ್ತದೆ, ಪೋಷಕರ ಸಭೆಗೆ ಇಡಿ ಎಂದೆವು.

ಕಾಲಿನ ಪತ್ರಕ್ಕೆ ವೈದ್ಯರ ಚೀಟಿ ಬೇಕು. ಅವರ ಮೊದಲ ಚೀಟಿಯಲ್ಲಿ "ಶೂ ಧರಿಸಬಾರದು" ಎಂದಷ್ಟೇ ಇತ್ತು. ದಿನಾಂಕವಿಲ್ಲದ, ಬದಲಿ ಏನೆಂದು ಹೇಳದ ಇಂಥ ಚೀಟಿಯನ್ನು ಶಾಲೆಗಳು ನೆಪ ಎಂದುಕೊಳ್ಳುತ್ತವೆ. ತೊಂದರೆ ಏನು, ಏನು ಹಾಕಬಹುದು, ಯಾವ ದಿನದವರೆಗೆ ಎಂಬ ಮೂರನ್ನೂ ಬರೆಸಿಕೊಂಡು ಬರಲು ಮತ್ತೆ ಕಳಿಸಿದೆವು. ಪತ್ರ ಹೀಗಿತ್ತು:

"ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ, ನಮ್ಮ ಮಗಳ ಎರಡೂ ಪಾದದ ಬೆರಳ ಸಂದಿಯಲ್ಲಿ ಫಂಗಸ್ ಸೋಂಕಾಗಿದೆ, ವೈದ್ಯರ ಚೀಟಿ ಲಗತ್ತಿಸಿದೆ. ಇಂದಿನಿಂದ ನಾಲ್ಕು ವಾರ ಸಾಕ್ಸ್ ಇಲ್ಲದೆ, ಹಿಂದೆ ಪಟ್ಟಿ ಇರುವ ಕಪ್ಪು ಸ್ಯಾಂಡಲ್ ಹಾಕಲು ಅನುಮತಿ ಕೋರುತ್ತೇವೆ. ಆ ದಿನಗಳಲ್ಲಿ ಪಿಟಿ ಅವಧಿಯಲ್ಲಿ ಓಟ, ಜಿಗಿತ ಬಿಟ್ಟು ಉಳಿದದ್ದನ್ನು ಮಾಡುತ್ತಾಳೆ. ಅವಧಿ ಮುಗಿದ ಮೇಲೆ ಶೂ ಹಾಕುತ್ತಾಳೆ. ಅನುಮತಿಯನ್ನು ತರಗತಿ ಶಿಕ್ಷಕರಿಗೂ ಪಿಟಿ ಶಿಕ್ಷಕರಿಗೂ ತಿಳಿಸಬೇಕೆಂದು ವಿನಂತಿ."

ಕೊನೆಯ ವಾಕ್ಯ ಬಿಟ್ಟುಹೋದರೆ ಆಫೀಸಿನಲ್ಲಿ ಅನುಮತಿ ಸಿಕ್ಕಿರುತ್ತದೆ, ಸಾಲಿನಲ್ಲಿ ನಿಂತ ಮಗುವಿಗೆ ಮಾತ್ರ ಸಿಕ್ಕಿರುವುದಿಲ್ಲ. ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಆಡಳಿತ ಮಂಡಳಿಗೆ, ಅಲ್ಲಿಯೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅದೇ ಪ್ರತಿಯೊಂದಿಗೆ ಹೋಗಬಹುದು. ಮಗುವನ್ನು ಮತ್ತೆ ಬರಿಗಾಲಲ್ಲಿ ಕೂರಿಸಿದರೆ ಮಾತ್ರ ಕಾಯುವುದು ಬೇಡ, ಮಕ್ಕಳ ಸಹಾಯವಾಣಿ 1098 ಇದೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಮುಖ್ಯೋಪಾಧ್ಯಾಯಿನಿ ಪತ್ರದ ಮೇಲೆಯೇ ಸಹಿ ಮಾಡಿ, ಹುಡುಗಿಯ ಕೈಗೆ ಒಂದು ಸಣ್ಣ ಕಾರ್ಡು ಕೊಟ್ಟರು. ಸಾಲಿನಲ್ಲಿ ಯಾರಾದರೂ ಕೇಳಿದರೆ ಅವಳು ವಿವರಿಸಬೇಕಿಲ್ಲ, ಕಾರ್ಡು ತೋರಿಸಿದರೆ ಆಯಿತು. ಇದು ನಮ್ಮ ಸಲಹೆಯಲ್ಲಿ ಇರಲಿಲ್ಲ, ಅವರೇ ಯೋಚಿಸಿ ಮಾಡಿದ್ದು. ಈಗ ಬೇರೆ ಶಾಲೆಗಳಿಗೂ ಇದನ್ನು ಹೇಳುತ್ತೇವೆ. ಹೊಟ್ಟೆನೋವು ಅದರ ಮುಂದಿನ ಸೋಮವಾರ ಒಮ್ಮೆ ಬಂತು, ಆಮೇಲೆ ಬರಲಿಲ್ಲ. ಚಪ್ಪಲಿ ಕಿತ್ತುಕೊಂಡದ್ದಕ್ಕೆ ಯಾರೂ ಹುಡುಗಿಯ ಹತ್ತಿರ ತಪ್ಪಾಯಿತು ಅನ್ನಲಿಲ್ಲ ಎಂಬ ಸಿಟ್ಟು ತಂದೆಗೆ ಈಗಲೂ ಇದೆ. ಆ ಸಿಟ್ಟು ನ್ಯಾಯವಾದದ್ದೇ.

"ಒಬ್ಬರಿಗೆ ಬಿಟ್ಟರೆ" ಅನ್ನುವ ತೊಡಕನ್ನು ಶಾಲೆ ನಿಯಮ ಬರೆದೇ ಬಿಡಿಸಿಕೊಂಡಿತು. ಚೌತಿ ರಜೆಯವರೆಗೆ ಯಾವ ಮಗುವಾದರೂ ಹಿಂದೆ ಪಟ್ಟಿಯ ಕಪ್ಪು ಸ್ಯಾಂಡಲ್ ಹಾಕಬಹುದು, ಹವಾಯಿ ಚಪ್ಪಲಿ ಬೇಡ. ಶೂ ಹಾಕುವವರು ಸ್ಯಾಂಡಲಿನಲ್ಲಿ ನಡೆದು ಬಂದು ವರಾಂಡದಲ್ಲಿ ಕಾಲೊರೆಸಿ ಬದಲಿಸಬಹುದು. ಅದಕ್ಕಾಗಿ ತರಗತಿಯ ಹಿಂದೆ ಒಂದು ರ‍್ಯಾಕು. ಸೆಪ್ಟೆಂಬರ್ ಪೂರ್ತಿ ಕೊಡಿ ಎಂದು ಕೇಳಿದ್ದೆವು, ಆಡಳಿತ ಮಂಡಳಿ ಚೌತಿಗೇ ನಿಲ್ಲಿಸಿತು. ಅಂಗಡಿಯ ವಿಷಯ ಪೋಷಕರ ಸಭೆಯಲ್ಲಿ ಬಂದಿದೆ, ತೀರ್ಮಾನವಾಗಿಲ್ಲ.

ರಜೆ ಮುಗಿದು ಮತ್ತೆ ಶೂ ಹಾಕುವ ಮೊದಲು ಅಳತೆ ನೋಡಲು ತಾಯಿಗೆ ಹೇಳಿದ್ದೆವು. ಬೆಳೆಯುವ ವಯಸ್ಸಿನಲ್ಲಿ ವಾರಗಟ್ಟಲೆ ಮೂಲೆಯಲ್ಲಿದ್ದ ಶೂ ಬಿಗಿಯಾಗಿರುತ್ತದೆ, ಬಿಗಿ ಶೂನಲ್ಲಿ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಅದೇ ಸಂದಿ ಮತ್ತೆ ಬೇಯುತ್ತದೆ. ಸಂಜೆ ಹೊತ್ತು, ಸಾಕ್ಸ್ ಹಾಕಿ, ನಿಲ್ಲಿಸಿ ನೋಡಬೇಕು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಇವಳ ಬಲಗಾಲಿಗೆ ಅದರ ಅರ್ಧವೂ ಇರಲಿಲ್ಲ. ಹೊಸ ಜೊತೆ ತಂದರು, ನೈಲಾನ್ ಬದಲು ಹತ್ತಿ ಸಾಕ್ಸು ಕೊಂಡರು, ಒಂದು ಜೊತೆ ಸಾಕ್ಸನ್ನು ದಿನಾ ಬ್ಯಾಗಿನಲ್ಲಿಟ್ಟು ಕಳಿಸುತ್ತಿದ್ದಾರೆ.